ಕೊನೆಯ ತುಣುಕು ಬರುವವರೆಗೆ

ಬನಹಟ್ಟಿಯಲ್ಲಿ ಸೀರೆಯಂಚಿನ ಡಿಸೈನ್ ಮಾಡುವ ನನ್ನ ಅಕ್ಕನ ಹಳೆಯ ಕಂಪ್ಯೂಟರಿಗೆ ಹೊಸ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಒಗ್ಗಲಿಲ್ಲ. ಹಾಗಾಗಿ ಅದರ ಹಳೆಯ ಆವೃತ್ತಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಟೊರೆಂಟ್ ಮೂಲಕ, ಅಂದರೆ ಆ ಫೈಲ್ ಇಟ್ಟುಕೊಂಡ ಬೇರೆಯವರ ಕಂಪ್ಯೂಟರುಗಳಿಂದ ತುಣುಕು ತುಣುಕಾಗಿ, ಇಳಿಸತೊಡಗಿದೆ. ಇನ್ನೇನು ಮುಗಿಯಿತು ಎನ್ನುವಾಗ ಅದು ನಿಂತುಬಿಟ್ಟಿತು. ಡಿಸ್ಕಿನಲ್ಲಿ ಜಾಗವಿತ್ತು. ಫೈರ್‌ವಾಲಿನಲ್ಲಿ ಪೋರ್ಟ್ ತೆರೆದು ಹೊರಗಿನ ಸಂಪರ್ಕಕ್ಕೆ ದಾರಿ ಮಾಡಿಕೊಟ್ಟರೂ ಕದಲಲಿಲ್ಲ. ಕೊನೆಯ ತುಣುಕು ಕೊಡಲು, ಆ ಫೈಲನ್ನು ಪೂರ್ತಿ ಇಟ್ಟುಕೊಂಡವರು ಯಾರೂ ಆಗ ಆನ್‌ಲೈನಿನಲ್ಲಿ ಇರಲಿಲ್ಲ.

"ಹಂಗಾರ ಕಾಯೂಣು ಬಿಡು," ಎಂದಳು ಅಕ್ಕ, ನಾನು ಇದನ್ನು ವಿವರಿಸಿದಾಗ.

ಮರುದಿನ ಮಧ್ಯಾಹ್ನ ಎಲ್ಲಿಯೋ ಯಾರೋ ತಮ್ಮ ಕಂಪ್ಯೂಟರ್ ಚಾಲೂ ಮಾಡಿರಬೇಕು, ಉಳಿದದ್ದು ಸರಸರ ಇಳಿಯಿತು. ಖುಷಿಯಿಂದ ಲ್ಯಾಪ್‌ಟಾಪ್ ಮುಚ್ಚಲು ಹೋದಾಗ ಅಕ್ಕ ಕೈ ಹಿಡಿದಳು.

"ಬಂದ್ ಮಾಡಬ್ಯಾಡೋ. ನಮ್ಮಂಗ ಇನ್ಯಾರರ ಕಾಯಾಕತ್ತಿದ್ರ?"

ಅದನ್ನು ಅವಳ ಮೇಜಿನ ಮೇಲೆಯೇ ಬಿಟ್ಟೆ. ಸಂಜೆ ಯಾರೋ ಒಬ್ಬರು ನಮ್ಮಿಂದ ಆ ಫೈಲ್ ಇಳಿಸಿಕೊಳ್ಳತೊಡಗಿದಾಗ, ಅಕ್ಕ ಕೆಲಸ ಬಿಟ್ಟು ಬಂದು ನೋಡುತ್ತ ನಿಂತಳು.