ನಿಧಾನವಾಗಿ ಓಡು ಎಂದರು

ಅವಳನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ಕಿಟಕಿಗಳೆಲ್ಲ ಆವಿಯಿಂದ ಮಬ್ಬಾಗಿದ್ದವು. ಸಿಮೆಂಟು ನೆಲದ ಮೇಲೆ ನೀರು. ಗಾಲಿಯ ಗಾಡಿಯ ತುಂಬ ವಾರ್ಡುಗಳ ಕೊಳೆ ಬಟ್ಟೆ ಹೇರಿಕೊಂಡು ಗಟ್ಟಿಮುಟ್ಟಾದ ಹೆಂಗಸೊಬ್ಬಳು "ದಾರಿ, ದಾರಿ" ಎಂದು ಕೂಗುತ್ತ ನೇರ ನನ್ನ ಮೇಲೇ ಬಂದಳು. ನಾನು ಗೋಡೆಗೆ ಅಂಟಿಕೊಂಡು ಮೂಗಿಗೆ ಕರವಸ್ತ್ರ ಹಿಡಿದೆ. ಗಾಡಿ ನಿಂತಿತು.

"ವಾಸನೆನಾ?"

"ಹಾಗೇನಿಲ್ಲ..."

"ಮತ್ತೆ ಮೂಗು ಯಾಕೆ ಮುಚ್ಕೊಂಡ್ರಿ? ಕಾಯಿಲೆಯವರದ್ದು ಇದು. ಬೇಕು ಅಂತ ಮಾಡ್ತಾರಾ ಅವರು?"

ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಮಕ್ಕಳನ್ನು ಮಾತಾಡಿಸುವ ದನಿ ತೆಗೆದು, "ಪುಟ್ಟೀ, ಓಟದ ಪಂದ್ಯಕ್ಕೆ ಬರ್ತೀಯಾ?" ಎಂದೆ.

"ಥೂ! ನಂಗೆ ಮೂವತ್ತೊಂದು ವರ್ಷ."

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅವಳ ಅಕ್ಕ ಬಿದ್ದು ಬಿದ್ದು ನಕ್ಕಳು. "ಓದಿದೋರು ಯಾರೇ ಬರ್ಲಿ, ಇವಳು ಪುಟ್ಟಿ ಆಗ್ಬಿಡ್ತಾಳೆ ಸಾರ್. ನಾವಿಲ್ಲಿ ರೈಲು ಅಂತ ಕರೀತೀವಿ. ನೀವೂ ಹಾಗೇ ಕರೀರಿ, ಬೇಜಾರು ಮಾಡ್ಕೊಳಲ್ಲ."

ಬುದ್ಧಿಯ ಬೆಳವಣಿಗೆ ನಿಧಾನವಾದವರಿಗೂ ಉಳಿದವರಿಗೂ ಒಟ್ಟಿಗೆ ಆಟ ಕಲಿಸುವ ಸಂಸ್ಥೆಯೊಂದರಲ್ಲಿ ನಾನಾಗ ಸಹಾಯಕ. ಅವಳನ್ನು ಸೇರಿಸಿಕೊಳ್ಳಲೆಂದೇ ಲಾಂಡ್ರಿಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು, ಅದು ಸಿಕ್ಕ ಮೊದಲ ಕೆಲಸ. ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ವಿನಯ ಎಂದುಕೊಂಡಿದ್ದೆ.

ರೈಲಿಗೆ ಓದು ಬರಲಿಲ್ಲ. ಎಣಿಕೆ ನಲವತ್ತರ ತನಕ ಸಲೀಸು, ಆಮೇಲೆ ಗೋಜಲು. ಅದೃಷ್ಟಕ್ಕೆ ಇನ್ನೂರು ಮೀಟರ್ ಓಟ ಅವಳಿಗೆ ನಲವತ್ತು ಸೆಕೆಂಡಿನೊಳಗೇ ಮುಗಿಯುತ್ತಿತ್ತು. ಗೆರೆ ದಾಟಿದವಳೇ ಏದುಸಿರು ಬಿಡುತ್ತ ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚಿನ ಮೇಲೆ ಬಗ್ಗುವಳು. "ಎಷ್ಟು?" ಮೂವತ್ತೊಂಬತ್ತು ಎಂದರೆ ತುಟಿ ಸೊಟ್ಟ, ಮೂವತ್ತೆಂಟು ಎಂದರೆ ಮಾರನೆಯ ದಿನ ಲಾಂಡ್ರಿಗೆಲ್ಲ ಅದೇ ಸುದ್ದಿ. ಪದಕಗಳನ್ನು ಅಕ್ಕನ ಮಕ್ಕಳಿಗೆ ಆಡಲು ಕೊಟ್ಟಿದ್ದಳು. ಅವಳಿಗೆ ಬೇಕಾದದ್ದು ಆ ಅಂಕಿ, ಅದು ತನ್ನ ಹೆಸರಿನ ಮುಂದೆ ಕಾಗದದಲ್ಲಿ ಇರಬೇಕು, ಅಷ್ಟೆ.

ರಕ್ತ, ಕೀವು ಮೆತ್ತಿದ ಬಟ್ಟೆಗೆ ಮುಖ ಸಿಂಡರಿಸದವಳಿಗೆ ಹೇಸಿಗೆಯಾಗುತ್ತಿದ್ದದ್ದು ಬೇರೆಯದಕ್ಕೆ. ಕೆನ್ನೆ ಚಿವುಟುವ ಅತಿಥಿಗಳಿಗೆ. ಮುಗ್ಗರಿಸಿ ಬಿದ್ದಾಗಲೂ ಚಪ್ಪಾಳೆ ತಟ್ಟುವವರಿಗೆ. ಒಮ್ಮೆ ಜೊತೆಯಲ್ಲಿ ಓಡುತ್ತಿದ್ದ ಕಾಲೇಜು ಹುಡುಗಿ ಬೇಕೆಂದೇ ಹಿಂದೆ ಬಿದ್ದಳು. ರೈಲು ಓಟದ ನಡುವೆಯೇ ನಿಂತಳು.

"ಯಾಕೆ ಕುಂಟ್ತಿದೀಯ? ಕಾಲು ನೋವಾ?"

"ಇಲ್ಲಕ್ಕಾ."

"ಹಾಗಾದ್ರೆ ಓಡೇ, ಥೂ!"

ಆ ವರ್ಷದ ದೊಡ್ಡ ಕೂಟಕ್ಕೆ ಬಸ್ಸಿನಲ್ಲಿ ಹೋದೆವು. ಇಂಥ ಕೂಟಗಳಲ್ಲಿ ಮೊದಲ ದಿನ ಎಲ್ಲರನ್ನೂ ಓಡಿಸಿ, ಹತ್ತಿರ ಹತ್ತಿರ ವೇಗದವರನ್ನು ಒಂದೊಂದು ಗುಂಪು ಮಾಡುತ್ತಾರೆ. ಮರುದಿನದ ಪಂದ್ಯದಲ್ಲಿ ಯಾರಾದರೂ ಮೊದಲ ದಿನಕ್ಕಿಂತ ತೀರಾ ಜೋರಾಗಿ ಓಡಿದರೆ, ಶಕ್ತಿ ಬಚ್ಚಿಟ್ಟುಕೊಂಡು ಮೋಸ ಮಾಡಿದರೆಂದು ಹೊರಗೆ ಹಾಕುತ್ತಾರೆ. ನಿಯಮ ಒಳ್ಳೆಯದೇ. ನಮ್ಮ ಕೋಚ್ ಅದರಲ್ಲೂ ಸಂದು ಹುಡುಕಿದ್ದರು. ಮೊದಲ ದಿನ ಬೆಳಿಗ್ಗೆ ರೈಲಿನ ಹೆಗಲ ಮೇಲೆ ಕೈ ಹಾಕಿದರು.

"ಬಂಗಾರೀ, ಇವತ್ತು ನಿಧಾನವಾಗಿ ಓಡು. ನಾಳೆ ಮುಂದಿರೋಳಿಗಿಂತ ಒಂದೇ ಒಂದು ಹೆಜ್ಜೆ ಮುಂದೆ. ಚಿನ್ನ ನಮ್ದು."

"ನಿಧಾನ ಯಾಕೆ?"

"ಕೇಳಬಾರದು. ಜೋರಾಗಿ ಓಡಿದ್ರೆ ನಾಳೆ ಓಡ್ಸೋದೇ ಇಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ವಾಚಿನ ದಾರ ಸರಿಮಾಡಿಕೊಂಡೆ.

ಅವಳು ನಿಧಾನವಾಗಿ ಓಡಿದಳು. ನಲವತ್ತೇಳು. ನನ್ನ ಹತ್ತಿರ ಬರಲಿಲ್ಲ, ಎಷ್ಟು ಎಂದು ಕೇಳಲಿಲ್ಲ.

ಮರುದಿನ ಪಿಸ್ತೂಲಿನ ಸದ್ದಾದದ್ದೇ ತಡ, ರೈಲು ಹಿಂದೆ ತಿರುಗಿ ನೋಡಲಿಲ್ಲ. ಕೋಚ್ ಬೇಲಿಯ ಪಕ್ಕದಲ್ಲಿ "ನಿಧಾನ, ಏ ನಿಧಾನ!" ಎಂದು ಗಂಟಲು ಹರಿದುಕೊಂಡರು. ಎರಡನೆಯವಳು ಇನ್ನೂ ನಲವತ್ತು ಮೀಟರ್ ಹಿಂದಿರುವಾಗಲೇ ಅವಳು ಗೆರೆ ದಾಟಿ ನನ್ನ ವಾಚಿನ ಮೇಲೆ ಬಗ್ಗಿದ್ದಳು.

"ಎಷ್ಟು?"

ಮೂವತ್ತೇಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೋಚ್ ಓಡಿ ಬಂದು ವಾಚನ್ನು ಅಂಗೈಯಿಂದ ಮುಚ್ಚಿದರು. ಬೆನ್ನಿಗೇ ತೀರ್ಪುಗಾರ್ತಿ ಬಂದರು, ಕೈಯಲ್ಲಿ ಎರಡೂ ದಿನದ ಹಾಳೆ. "ನಿನ್ನೆ ನಲವತ್ತೇಳು, ಇವತ್ತು ಮೂವತ್ತೇಳು. ಏನಿದು?"

ಕೋಚ್ ತಕ್ಷಣ ಮುಖ ಸಪ್ಪೆ ಮಾಡಿಕೊಂಡರು. "ಪಾಪ ಮೇಡಂ, ಇಂಥವರಿಗೆ ಏನು ತಿಳಿಯುತ್ತೆ? ನಿನ್ನೆ ಏನೋ ಮೂಡ್ ಇರಲಿಲ್ಲ. ನಾವೇನು ಮಾಡೋಕಾಗುತ್ತೆ ಹೇಳಿ."

ಆರು ತಿಂಗಳು ಬಂಗಾರಿ ಬಂಗಾರಿ ಎಂದ ಬಾಯಿ ಅದು.

"ತಿಳಿಯುತ್ತೆ," ಎಂದಳು ರೈಲು. "ನಿಧಾನ ಓಡು ಅಂದ್ರು. ನಿನ್ನೆ ಅವರ ಓಟ ಓಡ್ದೆ. ಇವತ್ತು ನಂದು."

"ನೋಡಿದ್ರಾ ಮೇಡಂ, ಏನೇನೋ ಮಾತಾಡ್ತಾಳೆ," ಎಂದು ಕೋಚ್ ನಕ್ಕರು. ಸುತ್ತ ನಿಂತಿದ್ದವರಲ್ಲಿ ಇಬ್ಬರು ಮೂವರೂ ನಕ್ಕರು. ಆಗ ನಾನು ಹೇಳಿದೆ: ಅವಳು ಹೇಳಿದ್ದು ನಿಜ, ನಾನು ಅಲ್ಲೇ ಇದ್ದೆ. ಒಂದು ದಿನ ತಡವಾಗಿತ್ತು. ತೀರ್ಪುಗಾರ್ತಿ ಅವಳ ಮಾತನ್ನೂ ನನ್ನ ಮಾತನ್ನೂ ಬರೆದುಕೊಂಡರು. ಆದರೆ ನಿಯಮ ನಿಯಮವೇ. ಅವಳ ಹೆಸರಿನ ಮುಂದೆ ಅಂಕಿ ಬೀಳಲಿಲ್ಲ. ಬಿದ್ದದ್ದು "ಪ್ರಾಮಾಣಿಕ ಪ್ರಯತ್ನ ಮಾಡಿಲ್ಲ" ಎಂಬ ಒಕ್ಕಣೆ.

ಅಕ್ಕ ಸಂಸ್ಥೆಯ ಕಚೇರಿಗೆ ನಾಲ್ಕು ಸಲ ಅಲೆದಳು. ನಾನೂ ಬರೆದುಕೊಟ್ಟೆ. ವಿಚಾರಣೆ ನಡೆಸಿದ ಸಂಸ್ಥೆ ಕೋಚನ್ನು ಓಟದಿಂದ ತೆಗೆದು ಈಜಿಗೆ ಹಾಕಿ ಕೈ ತೊಳೆದುಕೊಂಡಿತು. ರೈಲನ್ನು ಕರೆಸಿ ಸಮಾಧಾನದ ಪದಕವೊಂದನ್ನು ಕೊಡಹೊರಟಿತು. ಅಧ್ಯಕ್ಷರು ಅದನ್ನು ಅವಳ ಕೊರಳಿಗೆ ಹಾಕಲು ಬಗ್ಗಿದರು, ಇನ್ನೊಂದು ಕೈ ಆಗಲೇ ಕೆನ್ನೆಯತ್ತ ಹೊರಟಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ಬೇಡ. ಕಾಗದ ಸರಿ ಮಾಡಿ. ಮೂವತ್ತೇಳು ಬರೀರಿ."

"ಅದು ನಮ್ಮ ಕೈಯಲ್ಲಿಲ್ಲಮ್ಮ, ಪುಟ್ಟಿ..."

"ಥೂ!" ಎಂದಳು. ಆ ಕೋಣೆಯಲ್ಲಿ ಅದಕ್ಕಿಂತ ಸರಿಯಾದ ಮಾತನ್ನು ಯಾರೂ ಆಡಲಿಲ್ಲ. ಅವತ್ತಿನಿಂದ ಅವಳು ಆ ಸಂಸ್ಥೆಯ ಬಾಗಿಲು ತುಳಿದಿಲ್ಲ. ಕಾಗದ ಈಗಲೂ ಹಾಗೇ ಇದೆ. ಆ ಕೋಚ್ ಈಜುವವರಿಗೆ ಏನು ಹೇಳಿಕೊಡುತ್ತಿದ್ದಾರೋ.

ಈಗ ಅವಳು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಲಾಂಡ್ರಿಯಲ್ಲಿ ಗಾಡಿ ತಳ್ಳುತ್ತಾಳೆ. ಭಾನುವಾರ ಕ್ರೀಡಾಂಗಣದಲ್ಲಿ ಎಲ್ಲರಿಗೂ ತೆರೆದಿರುವ ಓಟದ ಗುಂಪಿನಲ್ಲಿ ಗುಮಾಸ್ತರು, ದಾದಿಯರು, ಡ್ರೈವರುಗಳ ಜೊತೆ ಓಡುತ್ತಾಳೆ. ಅಲ್ಲಿ ಯಾರೂ ಅವಳಿಗಾಗಿ ಬೇಕೆಂದೇ ಹಿಂದೆ ಬೀಳುವುದಿಲ್ಲ. ಕಳೆದ ವಾರ ಹನ್ನೊಂದು ಮಂದಿಯಲ್ಲಿ ಒಂಬತ್ತನೆಯವಳಾಗಿ ಬಂದಳು.