ಬಲಕ್ಕೆ ಚಾಚದ ಕೈ

ತಮ್ಮನ ಮೊಪೆಡ್ಡಿಗೆ ನಾನೇ ಇಂಡಿಕೇಟರ್ ಆಗಿದ್ದೆ. ಅದರ ದೀಪ ಎಂದೋ ಕೆಟ್ಟಿತ್ತು. ಅಕ್ಕ ಇದ್ದಾಳಲ್ಲ ಎಂದು ಅವನು ರಿಪೇರಿ ಮಾಡಿಸಲಿಲ್ಲ. ಹಿಂದೆ ಕೂತ ಹೆಂಗಸು ತಿರುವಿನಲ್ಲಿ ಕೈ ಹಾಕಿ ತೋರಿಸುವುದು ನಮ್ಮ ಕಡೆ ಹೊಸದೇನೂ ಅಲ್ಲ. ಕೆ.ಆರ್. ನಗರದಿಂದ ಭೇರ್ಯದ ಕಡೆಗೆ ಒಮ್ಮೆ ಹೋಗಿ ಬಂದರೆ ಅಂಥ ಕೈಗಳು ಬೇಕಾದಷ್ಟು ಕಾಣುತ್ತವೆ.

ಎಡಕ್ಕೆ ತೋರಿಸುವುದು ಸುಲಭ. ನಾವು ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಕೂರುವವರು; ಕೈ ನೀಡಿದರೆ ಆಯಿತು. ಬಲಕ್ಕೆ ತಿರುಗುವಾಗಲೇ ಕಷ್ಟ. ಓಡಿಸುವವನ ಹೆಗಲ ಮೇಲಿಟ್ಟ ಬಲಗೈಯನ್ನು ಬಿಡಬೇಕು. ಸೊಂಟ ತಿರುಚಿ, ಅವನ ಬೆನ್ನ ಹಿಂದಿನಿಂದ ಆಚೆ ಕಡೆಗೆ ಕೈ ಚಾಚಬೇಕು. ಅಷ್ಟು ಹೊತ್ತು ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ತಿರುವು ಬರುವ ಮೊದಲೇ ತಮ್ಮ ಕೂಗುತ್ತಿದ್ದ, "ಅಕ್ಕೋ, ಕೈ ಆಕು." ನಾನು ಹಾಕುತ್ತಿದ್ದೆ. ನಮ್ಮೂರಿಗೆ ಮುಖ್ಯರಸ್ತೆಯಿಂದ ಬಲಕ್ಕೇ ತಿರುಗಬೇಕು.

ಆ ದಿನ ಕೆ.ಆರ್. ನಗರದಲ್ಲಿ ಕಡಲೆಕಾಯಿ ಎಣ್ಣೆ ಆಡಿಸಿಕೊಂಡು ಬರುತ್ತಿದ್ದೆವು. ಎಣ್ಣೆಯ ಕ್ಯಾನು ನನ್ನ ತೊಡೆಯ ಮೇಲಿತ್ತು. ಬೆಳಗಿನಿಂದ ಗಾಣದ ಮುಂದೆ ನಿಂತು ನಿಂತು ಕಾಲು ಸೋತಿದ್ದವು. ದಾರಿಯಲ್ಲಿ ಜಗಳ ತೆಗೆದವಳು ನಾನೇ.

"ಆ ಲೈಟ್ ಸರಿ ಮಾಡ್ಸೋ ಅಂದ್ರೆ ನಾಳೆ ನಾಳೆ ಅಂತೀಯಲ್ಲೋ."

"ನೀನಿದ್ದೀಯಲ್ಲಕ್ಕ. ನಿಂಗೆ ಬ್ಯಾಟ್ರಿ ಬ್ಯಾಡ, ವೈರ್ ಬ್ಯಾಡ. ಎಲ್ಡೊತ್ತು ಇಟ್ಟು ಆಕುದ್ರೆ ಸಾಕು, ಕೆಲ್ಸ ಮಾಡ್ತೀಯ."

"ಈ ಮಾತ ನಿನ್ನ ಎಡ್ತಿಗೆ ಏಳ್ಲಾ ನೋಡಮ."

"ಅವ್ಳು ಬ್ರೇಕು ಕಣಕ್ಕ. ಇಂಡಿಕೇಟ್ರು ನೀನೇಯ."

ಅವನು ನಕ್ಕ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಗಂಡ ಹೋದ ಮೇಲೆ ಅವನ ಮನೆಯಲ್ಲಿ ಉಣ್ಣುತ್ತಿದ್ದವಳು ನಾನು. ಎರಡು ಹೊತ್ತಿನ ಹಿಟ್ಟಿನ ಮಾತು ಎದೆಯೊಳಗೆ ಹೋಗಿ ಕೂತುಬಿಟ್ಟಿತು. ಅವನು ಅದನ್ನು ಯೋಚಿಸಿ ಆಡಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

ನಮ್ಮೂರ ತಿರುವು ಬಂತು. "ಕೈ ಆಕಕ್ಕ" ಎಂದು ಅವನು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು. ನಾನು ಅವನ ಹೆಗಲನ್ನು ಬಿಡಲಿಲ್ಲ. ಹಿಂದಿನಿಂದ ಬರುವವನು ಹಾರನ್ ಹೊಡೆದು ಬೈದು ಹೋಗಲಿ, ಇವನಿಗೆ ಇವತ್ತು ಗೊತ್ತಾಗಲಿ ಎಂದುಕೊಂಡೆ. ಅಷ್ಟೇ ನಾನು ಬಯಸಿದ್ದು. ಅವನು ಗಾಡಿಯನ್ನು ಬಲಕ್ಕೆ ತಿರುಗಿಸಿದ. ನಮ್ಮನ್ನು ದಾಟಿ ಹೋಗಲು ಬಲಕ್ಕೆ ಬಂದಿದ್ದ ಕಾರು ಬಂದು ಬಡಿಯಿತು.

ನನಗೆ ಮೊಣಕೈ ತರಚಿತು, ಅಷ್ಟೇ. ತಮ್ಮನ ಬಲಗಾಲು ಗಾಡಿಯ ಕೆಳಗಿತ್ತು. ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿ, ಹಸಿ ಎಣ್ಣೆಯ ಘಮ ಸುತ್ತಲೂ ತುಂಬಿಕೊಂಡಿತು.

ಕಾರಿನವನು ಹುಣಸೂರಿನ ಕಡೆಯವನಂತೆ. ಅವನೇ ಓಡಿ ಬಂದು ತಮ್ಮನನ್ನು ಎತ್ತಿ ಮರದ ನೆರಳಲ್ಲಿ ಮಲಗಿಸಿದ. ಆಮೇಲೆ ರಸ್ತೆಯ ಮೇಲಿನ ಎಣ್ಣೆ ನೋಡಿದ. ಹೊಂಗೆಯ ಕೊಂಬೆಗಳನ್ನು ಮುರಿದು, ಬೇರೆ ಗಾಡಿಯವರು ಜಾರಿ ಬೀಳದಿರಲೆಂದು ಎಣ್ಣೆಯ ಸುತ್ತ ಹಾಕತೊಡಗಿದ. ಅಷ್ಟರಲ್ಲಿ ಬಸ್ಸಿಗೆ ಕಾದಿದ್ದ ಜನ ಬಂದು ಅವನನ್ನು ಸುತ್ತುವರಿದರು.

"ಕಣ್ ಕಾಣಾಕಿಲ್ವೇನಯ್ಯ ನಿಂಗೆ? ಎಂಗ್ಸು ಅಷ್ಟುದ್ದ ಕೈ ಆಕ್ಕಂಡ್ ಕುಂತವ್ಳೆ!"

ಅವರಲ್ಲಿ ಯಾರೂ ನೋಡಿರಲಿಲ್ಲ. ದಿನಾ ಹಾಕುವವಳು, ಅಂದೂ ಹಾಕಿರುತ್ತಾಳೆ ಎಂದುಕೊಂಡರು. ಮಲಗಿದ್ದಲ್ಲಿಂದಲೇ ತಮ್ಮನೂ ಕಾರಿನವನ ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬೈಯುತ್ತಿದ್ದ. ಕಾರಿನವನು ಕೊಂಬೆ ಹಿಡಿದುಕೊಂಡೇ ನನ್ನ ಹತ್ತಿರ ಬಂದ.

"ಅಕ್ಕಾ, ನೀವು ಕೈ ತೋರಿಸಿದ್ರಾ? ನಂಗೆ ಕಾಣ್ಲಿಲ್ಲ."

ತಮ್ಮ ನನ್ನನ್ನೇ ನೋಡುತ್ತಿದ್ದ.

"ತೋರಿಸ್ದೆ," ಅಂದೆ.

"ಅಂಗಾರೆ ನಂದೇ ತಪ್ಪು ಬುಡಿ," ಎಂದು ಅವನು ತಲೆ ತಗ್ಗಿಸಿದ. ತನ್ನ ಕಾರಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ತಮ್ಮ ಬೈಯುತ್ತಲೇ ಇದ್ದ. ನಾನು ಕಿಟಕಿಯ ಆಚೆ ನೋಡುತ್ತ ಕೂತಿದ್ದೆ.

ತಮ್ಮನ ಮಂಡಿ ಮತ್ತೆ ಪೂರ್ತಿ ಮಡಚಲಿಲ್ಲ. ಕೆಸರಿಗೆ ಇಳಿಯಲಾಗದೆ ನಾಲೆಯ ಬಯಲಿನ ಗದ್ದೆಯನ್ನು, ಬೆಳೆಯಲ್ಲಿ ಪಾಲು ಮಾತಾಡಿಕೊಂಡು, ವಾರಕ್ಕೆ ಕೊಟ್ಟ. ಗೇರಿಲ್ಲದ ಸ್ಕೂಟರು ಬಂದ ಮೇಲೆ, ಕಾಲು ಮುಂದಕ್ಕೆ ನೀಡಿಕೊಂಡು ಓಡಿಸುವುದನ್ನು ಕಲಿತ. ಅದರ ಇಂಡಿಕೇಟರ್ ಚೆನ್ನಾಗಿಯೇ ಇತ್ತು. ಅವನು ಮಾತ್ರ ಮುಟ್ಟುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನಮ್ಮಕ್ಕ ಒಂದಿಡೀ ಕೈ ಆಕಿದ್ಲು ಕಣಯ್ಯ, ಅದೇ ಕಾಣ್ನಿಲ್ವಂತೆ. ಈ ಮಿಣುಕು ದೀಪ ಯಾವನ್ಗೆ ಕಾಣ್ತದೆ?" ಎನ್ನುತ್ತಿದ್ದ. ಟೀ ಅಂಗಡಿಯಲ್ಲಿ ಈ ಮಾತು ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ರಸ್ತೆಯೂ ಅದಕ್ಕೆ ತಕ್ಕಂತೆಯೇ ಇದೆ. ಹೇಳದೆ ಕೇಳದೆ ಅಡ್ಡ ನುಗ್ಗುವವರೇ ಹೆಚ್ಚು. ದೀಪ ಹಾಕುವವನೊಬ್ಬ ಸಿಕ್ಕರೆ ಅದನ್ನು ಆರಿಸುವುದು ಮರೆತು ಮುಂದಿನ ಊರಿನವರೆಗೂ ಹೋಗುತ್ತಾನೆ. ಜನರನ್ನು ಬೈಯುವ ಬಾಯಿ ನನಗಿಲ್ಲ. ನನ್ನ ಸುಳ್ಳೇ ನನ್ನ ಮುಂದೆ ಗಾದೆಯಾಗಿ ಓಡಾಡುವುದನ್ನು ಕೇಳಿಸಿಕೊಳ್ಳುತ್ತ ಮುದ್ದೆ ತಿರುವುತ್ತಿದ್ದೆ.

ಈಚೆಗೆ ತಮ್ಮನ ಮಗಳು ಅದೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗತೊಡಗಿದಳು. ಒಂದು ದಿನ ನಾನು ಅವಳ ಹಿಂದೆ ಕೂತು ಬರುತ್ತಿದ್ದೆ. ನಮ್ಮೂರ ತಿರುವಿನಲ್ಲಿ ಅವಳು ಸುಮ್ಮನೆ ಬಲಕ್ಕೆ ಹೊರಳಿದಳು. ಹಿಂದಿದ್ದ ಬಸ್ಸು ಕಿರ್ರೆಂದು ಬ್ರೇಕು ಹಾಕಿ, ನನ್ನ ಸೆರಗಿಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ರಸ್ತೆ ನಿಮ್ಮಪ್ಪಂದಾ?" ಎಂದು ಕೂಗಿದ.

"ಲೈಟ್ ಆಕ್ಬಾರ್ದೇನವ್ವ?" ಅಂದೆ.

"ಆಕುದ್ರೂ ಅಷ್ಟೆ ಬುಡಿ ಅತ್ತೆ. ನಿಮ್ ಕೈನೇ ನೋಡ್ನಿಲ್ವಂತಲ್ಲ. ಅಪ್ಪ ಏಳ್ತಾನೇ ಇರ್ತದೆ."

ಮನೆಗೆ ಬಂದಾಗ ತಮ್ಮ ಜಗಲಿಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಹೇಳಿದೆ.

"ಅವತ್ತು ನಾನು ಕೈ ಆಕ್ನಿಲ್ಲ ಕಣ್ಲಾ."

"ಯಾವತ್ತು?"

"ನೀನು ಬಿದ್ದ ದಿನ. ನೀ ಕೂಗಿದ್ದು ಕೇಳುಸ್ತು. ಬೇಕು ಅಂತ್ಲೇ ಆಕ್ನಿಲ್ಲ."

ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಆ ಹಿಟ್ಟಿನ ಮಾತನ್ನು ಹೇಳಬೇಕಾಗುತ್ತಿತ್ತು. ಅದನ್ನು ಅವನ ತಲೆಗೆ ಕಟ್ಟಲು ನನಗೂ ಮನಸ್ಸಿರಲಿಲ್ಲ. ಅಂಗೈಯ ಎಣ್ಣೆ ಒರೆಸಿಕೊಳ್ಳುತ್ತ ಅವನೇ ಅಂದ, "ಆ ಕಾರ್ನೋನ್ಗೆ ಏನೇನ್ ಅಂದ್ಬುಟ್ಟೆ ನಾನು. ಬೈಸ್ಕಂಡೂ ಸೊಪ್ ಮುರ್ದಾಕ್ತಾ ಇದ್ದ ಅವ್ನು."

ಆಮೇಲೆ ಮಗಳ ಕಡೆ ತಿರುಗಿ, "ಲೈಟ್ ಆಕ್ಕಂಡ್ ಓಡ್ಸು ಕಣವ್ವ," ಅಂದ. ಅಂದಿನಿಂದ ನಾನು ಬಡಿಸಿದ್ದನ್ನು ತಲೆ ಎತ್ತದೆ ಉಂಡು ಏಳುತ್ತಿದ್ದ.

ಚುಂಚನಕಟ್ಟೆಯ ನೆಂಟರ ಮನೆಯ ಸಾವಿಗೆ ಇಬ್ಬರೂ ಹೋಗಲೇಬೇಕಾಯಿತು. ಹೋಗುವಾಗ ಮಾತಿಲ್ಲ, ಬರುವಾಗಲೂ ಇಲ್ಲ. ನಮ್ಮೂರ ತಿರುವು ಹತ್ತಿರ ಬಂದಾಗ ಸ್ಕೂಟರಿನಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಅವನು ಇಂಡಿಕೇಟರ್ ಹಾಕಿದ್ದ. ನನ್ನ ಕೈ ತಾನಾಗಿಯೇ ಅವನ ಹೆಗಲು ಬಿಟ್ಟು ಬಲಕ್ಕೆ ಚಾಚಿಕೊಂಡಿತು.

"ಲೈಟ್ ಆಕಿವ್ನಿ. ಕೈ ತೆಗ್ದು ಗಟ್ಯಾಗಿ ಇಡ್ಕೊ," ಅಂದ.

ಅಕ್ಕ ಎನ್ನಲಿಲ್ಲ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ವೇಗ ತಗ್ಗಿಸಿ ನಮಗೆ ದಾರಿ ಬಿಟ್ಟ. ತಿರುವು ದಾಟುವವರೆಗೂ ನಾನು ಕೈ ತೆಗೆಯಲಿಲ್ಲ.