ದಿಲ್ಲಿಯ ಸಮಿತಿ, ಮೂಡಲಗಿಯ ಉಡಿ

ದಿಲ್ಲಿಗೆ ಬಂದ ಮೊದಲ ವಾರವೇ ನನ್ನನ್ನು ತರಗತಿಯಲ್ಲಿ ಕೂರಿಸಿದರು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಗೋಕಾಕ ಫಾಲ್ಸಿನಲ್ಲಿ ವೈರಿಂಗ್ ಕಲಿತು, ಈಗ ಇಲ್ಲಿನ ದೊಡ್ಡದೊಂದು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಪಾಠವಾದರೂ ಏನು? ಹೆಣ್ಣುಮಕ್ಕಳ ಜೊತೆ ಹೇಗೆ ನಡೆದುಕೊಳ್ಳಬಾರದು, ನಡೆದುಕೊಂಡರೆ ಏನಾಗುತ್ತದೆ ಎಂಬುದು. ನನಗೆ ಸಿಟ್ಟು ಬಂತು. ದುಡಿದು ತಿನ್ನುವ ಮನುಷ್ಯ, ಇವತ್ತಿನವರೆಗೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಎದ್ದು ಹೋಗಬೇಕೆಂದು ಬಾಜೂ ನೋಡಿದೆ. ಕಸ ಹೊಡೆಯುವ ಬಿಮಲಾ ಕೂತಿದ್ದಳು, ಆಕೆಯ ಪಕ್ಕದಲ್ಲಿ ಬಿಳಿ ಗಡ್ಡದ ಪ್ರೊಫೆಸರ್. ಅವರು ಮೊಬೈಲ್ ತೆಗೆದಾಗ ಪಾಠ ಹೇಳುವ ಹುಡುಗಿ, "ಸರ್, ಇದು ನಿಮಗೂ ಸೇರಿದ ಪಾಠ" ಎಂದಳು. ಅವರು ಮೊಬೈಲ್ ಕಿಸೆಗೆ ಹಾಕಿಕೊಂಡರು. ನಾನು ಕೂತುಬಿಟ್ಟೆ.

ಮಾಳಿಗೆಯ ಮೇಲಿನ ಒಂಟಿ ಖೋಲಿಗೆ ಇಲ್ಲಿ ಬರ್ಸಾತಿ ಎನ್ನುತ್ತಾರೆ. ನನ್ನದು ಅಂಥದ್ದೇ. ಬೇಸಿಗೆಯಲ್ಲಿ ಕಾದ ಹಂಚು, ಚಳಿಗಾಲದಲ್ಲಿ ಬಾವಿಯ ನೀರು. ಮೊದಲ ಸಲ ಜೋಳದ ರೊಟ್ಟಿ ಬಡಿದಾಗ ಕೆಳಗಿನ ಮನೆಯೊಡತಿ ಮೆಟ್ಟಿಲೇರಿ ಬಂದು, "ಗೋಡೆ ಒಡೀತಿದ್ದೀಯೇನು?" ಎಂದು ಕೇಳಿದ್ದಳು. ಒಂದು ರೊಟ್ಟಿ, ಮೇಲೆ ಖಾರ ಇಟ್ಟು ಕೊಟ್ಟೆ. ಈಗ ಸದ್ದು ಕೇಳಿದರೆ ತಾಟು ಹಿಡಿದೇ ಬರುತ್ತಾಳೆ. ಹಿಂದಿಯೂ ಬಂತು. ಒಂಟಿತನಕ್ಕೆ ಮಾತ್ರ ಮದ್ದು ಸಿಗಲಿಲ್ಲ, ಅದರ ಜೊತೆಗೆ ಹೊಟ್ಟೆಕಿಚ್ಚು ಬೇರೆ ಸೇರಿಕೊಂಡಿತು.

ಒಬ್ಬ ಮಾಸ್ತರನ ಮೇಲೆ ವಿದ್ಯಾರ್ಥಿನಿಯೊಬ್ಬಳು ದೂರು ಕೊಟ್ಟಿದ್ದಳು. ವಿಚಾರಣೆ ಮುಗಿಯುವವರೆಗೆ ಆತ ಅವಳ ಪೇಪರು ನೋಡುವಂತಿಲ್ಲ ಎಂದು, ಇಂಥ ದೂರು ಕೇಳಲೆಂದೇ ವಿಶ್ವವಿದ್ಯಾಲಯದಲ್ಲಿರುವ ಸಮಿತಿ ಹೇಳಿತು. ಇಷ್ಟು ಸಾಲದು, ತಡವಾಯಿತು ಎಂದು ಹುಡುಗಿಯರು ಘೋಷಣೆ ಕೂಗಿದರು. ನಾನು ಏಣಿಯ ಮೇಲೆ ನಿಂತು ಕೇಳುತ್ತ ಉರಿದುಕೊಂಡೆ. ಇಷ್ಟು ಸಿಕ್ಕರೂ ಸಾಲದೆನ್ನುವ ಧೈರ್ಯ ಇವರಿಗೆ ಎಲ್ಲಿಂದ ಬಂತು? ನಮ್ಮ ಭಾರತಿಗೆ ಯಾಕಿಲ್ಲ?

ಭಾರತಿ ನನ್ನ ತಂಗಿ ಶಾಂತಾಳ ಮಗಳು. ಮೂಡಲಗಿಯಿಂದ ಬಸ್ಸಿನಲ್ಲಿ ಗೋಕಾಕದ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಪ್ರಾಕ್ಟಿಕಲ್ ಕಲಿಸುವ ಮಾಸ್ತರ ಆಕೆಯ ಕೈ ಹಿಡಿದಿದ್ದ. ಬಿಡಿಸಿಕೊಂಡು ಬಂದಾಗ, ಪರೀಕ್ಷೆಯಲ್ಲಿ ನೋಡಿಕೊಳ್ಳುತ್ತೇನೆ ಎಂದಿದ್ದ. ಇಷ್ಟನ್ನು ಶಾಂತಾ ಮೊದಲೇ ತಿಳಿಸಿದ್ದಳು. ಇಲ್ಲಿ ಘೋಷಣೆ ಕೂಗಿದ ವಾರವೇ ಮತ್ತೆ ಆಕೆಯ ಫೋನು ಬಂತು.

"ಅಣ್ಣಾ, ಹಿರ್ಯಾರು ಕುಂತು ಮಾತಾಡ್ಯಾರ. ಮಾಸ್ತರ ಮನಿಗಿ ಬಂದು ಭಾರತಿಗಿ ಉಡಿ ತುಂಬ್ತಾನಂತ. ತಂಗಿ ಅಂತ ಒಪ್ಪಕೋತಾನಂತ. ನೀ ಸೋದರಮಾವ, ನೀ ಕುಂದರ್ಲಿಲ್ಲಂದ್ರ ಕಾರ್ಯ ನಡಿಯಂಗಿಲ್ಲ. ಬಾ."

"ಕಾಲೇಜಿನ್ಯಾಗ ಹೇಳಬಾರದೇನ?"

"ಹೇಳಿದ್ರ ಊರಿಗೆಲ್ಲಾ ಗೊತ್ತಾಗತೈತಿ. ನಾಳೆ ಆಕಿನ್ನ ಯಾರು ಮಾಡ್ಕೋತಾರ?"

ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಖಣ. ತವರಿನವರು ಹೆಣ್ಣುಮಗಳ ಸೆರಗಿಗೆ ಹಾಕಿ ಉಡಿ ತುಂಬುವ ಮಂಗಳದ ವಸ್ತುಗಳಿವು. ಅವುಗಳಿಂದಲೇ ತಪ್ಪನ್ನು ಮುಚ್ಚುವುದೂ ನಮ್ಮಲ್ಲಿ ಉಂಟು. ಪಾಠ ಹೇಳಿದ ಹುಡುಗಿಯನ್ನು ಹುಡುಕಿ ಕೇಳಿದೆ. "ನಿಮ್ಮೂರ ಕಾಲೇಜಿನಲ್ಲೂ ಸಮಿತಿ ಇರಲೇಬೇಕು ಭೈಯಾ, ಕಾನೂನು ಒಂದೇ" ಎಂದಳು. ಸಮಾಧಾನವಾಗಲಿಲ್ಲ, ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಕಾನೂನು ಒಂದೇ ಆದರೆ, ಇಲ್ಲಿಯವರಿಗೆ ಗೊತ್ತಿರುವುದು ನಮ್ಮವರಿಗೆ ಯಾಕೆ ಗೊತ್ತಿಲ್ಲ? ರಜೆ ಹಾಕಿ ರೈಲು ಹತ್ತಿದೆ.

ಮೂಡಲಗಿಯ ಮನೆಯಲ್ಲಿ ಶಾಂತಾಳ ಗಂಡನ ಚಿಕ್ಕಪ್ಪ ಬಸಪ್ಪ ಕಾಕಾ ಹುಕ್ಕೇರಿಯಿಂದ ಬಂದು ಜಮಖಾನೆಯ ಮೇಲೆ ಕೂತಿದ್ದರು. "ಬಾರೋ ದಿಲ್ಲಿ ಸಾಹೇಬಾ, ಇಲ್ಲಿ ಕುಂದ್ರು" ಎಂದು ಬಾಜೂ ಜಾಗ ತೋರಿಸಿದರು. ಕೂತೆ. ಎದುರಿಗೆ ಆ ಮಾಸ್ತರ, ಮೊಣಕಾಲ ಮೇಲೆ ಹೊಸ ಸೀರೆ.

"ಭಾರತಿ, ಓಢಣಿ ಒಡ್ಡವ್ವಾ. ಇವತ್ತಿನಿಂದ ಸರ್ ನಿನಗ ಅಣ್ಣ," ಕಾಕಾ ಹೇಳಿದರು.

ಭಾರತಿ ಕೈ ಕಟ್ಟಿಕೊಂಡೇ ನಿಂತಳು. "ಅಣ್ಣ ನನಗ ಮನ್ಯಾಗ ಅದಾನ್ರಿ ಅಜ್ಜಾ. ಬೇಕಾಗಿದ್ದು ಮಾಸ್ತರ. ಇವರ ಕಡಿಂದ ಅದ ಆಗಲಿಲ್ಲ."

ಶಾಂತಾ ಬಾಯಿಗೆ ಸೆರಗು ಹಿಡಿದಳು. ಹುಡುಗಿ ನನ್ನ ಕಡೆ ತಿರುಗಿದಳು. "ಮಾಮಾ, ನೀ ಹೇಳು. ದಿಲ್ಲ್ಯಾಗೂ ಹಿಂಗ ಉಡಿ ತುಂಬ್ತಾರೇನು?"

ನಾನು ಎದ್ದೆ. ಸೋದರಮಾವ ಎದ್ದನೆಂದರೆ ಕಾರ್ಯ ನಿಂತಂತೆ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು.

"ಏ, ಕರೆಂಟ್ ಬಡದೈತೇನ ನಿನಗ?" ಎಂದರು ಕಾಕಾ.

"ಬಡದೈತ್ರಿ ಕಾಕಾ. ಕುಂದ್ರಾಕ ಆಗವಲ್ದು."

ಮರುದಿನ ಭಾರತಿಯೊಡನೆ ಕಾಲೇಜಿಗೆ ಹೋದೆ. ಅಂಥ ಸಮಿತಿ ಇಲ್ಲವೆಂದ ಗುಮಾಸ್ತರು, ಪ್ರಿನ್ಸಿಪಾಲರನ್ನು ಕೇಳಿ ಬಂದು, "ಐತ್ರಿ, ಇಲ್ಲೀತನಾ ಯಾರೂ ಬಂದಿಲ್ಲ ಅಷ್ಟ" ಎಂದರು. ದೂರು ತೆಗೆದುಕೊಂಡರು. ರಜೆ ಮುಗಿಯಿತು. ಹೊರಡುವಾಗ ಶಾಂತಾ ಬುತ್ತಿ ಕಟ್ಟಿಕೊಟ್ಟಳು, ಕಳಿಸಲು ಬಾಗಿಲತನಕ ಮಾತ್ರ ಬರಲಿಲ್ಲ.

ವಿಚಾರಣೆಯ ದಿನಕ್ಕೂ ಹೋಗಬೇಕೆಂದಿದ್ದೆ. "ಬರಬ್ಯಾಡ ಮಾಮಾ, ನಾ ಹೇಳ್ತೇನಿ" ಎಂದಳು ಭಾರತಿ. ಹೆಮ್ಮೆಯಾಯಿತು, ಸ್ವಲ್ಪ ಚುಚ್ಚಿತು ಕೂಡ. ವಿಚಾರಣೆಯ ಹೊತ್ತಿಗೆ ಕೆಲಸದ ನಡುವೆಯೇ ತಂಗಿಗೆ ಫೋನು ಹಚ್ಚಿದೆ.

"ಎಲ್ಲಿದ್ದಿ?"

"ಕಾಲೇಜಿನ್ಯಾಗ. ಆಕಿ ಒಳಗ ಹೋಗ್ಯಾಳ. ನಾ ಬಾಗಲಾ ಮುಂದ ಕುಂತೇನಿ."

"ಹೆದರಬ್ಯಾಡ. ಇಲ್ಲಿ ದಿಲ್ಲ್ಯಾಗ ಹೆಂಗ ಮಾಡ್ತಾರಂದ್ರ..."

"ಸುಮ್ನಿರಣ್ಣಾ. ಒಳಗ ಭಾರತಿ ಮಾತಾಡಾಕತ್ತಾಳ, ನಿನ್ನ ಮಾತಿನ ಗದ್ದಲದಾಗ ಕೇಳಸವಲ್ದು."

ಫೋನಿಟ್ಟಳು. ಇಷ್ಟು ದಿನ ದಿಲ್ಲಿಯವರನ್ನು ಕಂಡು ಹೊಟ್ಟೆಕಿಚ್ಚಿನಿಂದ ಉರಿದವನು ನಾನು. ಆಗ ಉರಿದದ್ದು ಗೋಕಾಕದ ಆ ಬಾಗಿಲ ಮುಂದೆ ಕೂತ ನನ್ನ ತಂಗಿಯನ್ನು ನೆನೆದು. ಯಾರೋ "ಭೈಯಾ, ಪಂಖಾ ತಿರುಗ್ತಿಲ್ಲ" ಎಂದು ಕೂಗಿದರು. ಬಂದೆ ಎಂದು ಹಿಂದಿಯಲ್ಲಿ ಹೇಳಿದೆ, ಆದರೆ ಹೆಜ್ಜೆ ಎತ್ತಲಿಲ್ಲ. ಇಲ್ಲಿಂದ ಕೇಳಿಸದು ಎಂದು ಗೊತ್ತಿದ್ದೂ, ಭಾರತಿಯ ದನಿಗೆ ಕಿವಿಗೊಟ್ಟು ನಿಂತೇ ಇದ್ದೆ.